ಆಕ್ಸಿಡೇಟಿವ್ ಸ್ಟ್ರೆಸ್‌ಗೂ ಹಾರ್ಟ್ ಅಟ್ಯಾಕ್‌ಗೂ ಏನು ಸಂಬಂಧ? ಕ್ಯಾಪ್ಸೂಲ್ ನುಂಗಿದರೆ ಸರಿಹೋಗುತ್ತಾ?

ಹಳೇಸೈಕಲ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನನಗೆ 46 ವರ್ಷ. ಹೋದ ತಿಂಗಳು ಹೆಲ್ತ್ ಚೆಕಪ್ ಮಾಡಿಸಿದೆ. ಬಿಪಿ 148/94, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) 152, ಖಾಲಿ ಹೊಟ್ಟೆಯ ಶುಗರ್ 112. ಸಿಗರೇಟ್ ದಿನಕ್ಕೆ ಆರೇಳು, ಸುಳ್ಳು ಯಾಕೆ ಹೇಳಲಿ, ಕೆಲವು ದಿನ ಹತ್ತೂ ಆಗುತ್ತದೆ. ಡಾಕ್ಟರ್ ಒಂದು ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಇಳಿಸೋ ಒಂದು ಸ್ಟಾಟಿನ್ ಮಾತ್ರೆ ಬರೆದುಕೊಟ್ಟರು. ಸಿಗರೇಟ್ ಬಿಡಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಎಲ್ಲಾ ಸೇರಿ ಐದು ನಿಮಿಷದ ಮಾತು.

ಇದನ್ನು ಹಳೇ ಗೆಳೆಯನೊಬ್ಬನ ಹತ್ತಿರ ಹೇಳಿದೆ ನೋಡಿ, ಅವನು ಅರ್ಧ ಗಂಟೆ ಕ್ಲಾಸ್ ತಗೊಂಡ. ಕೊಲೆಸ್ಟ್ರಾಲ್ ಅನ್ನೋದು ನೆಪ ಅಷ್ಟೇ, ನಿಜವಾದ ಕಳ್ಳ ಆಕ್ಸಿಡೇಟಿವ್ ಸ್ಟ್ರೆಸ್, ಫ್ರೀ ರ್ಯಾಡಿಕಲ್‌ಗಳು ರಕ್ತನಾಳಕ್ಕೆ ತುಕ್ಕು ಹಿಡಿಸುತ್ತವೆ, ಸ್ಟಾಟಿನ್ ತಗೊಂಡು ಲಿವರ್ ಹಾಳುಮಾಡ್ಕೊಳ್ಳೋ ಬದಲು ಫ್ರೀ ರ್ಯಾಡಿಕಲ್ ತಡೆಯೋ ಆಂಟಿಆಕ್ಸಿಡೆಂಟ್ ತಗೋ ಅಂತ. ಅವನೇ ಮಾರುತ್ತಾನೆ ಅನ್ನೋದು ಆಮೇಲೆ ಗೊತ್ತಾಯಿತು. ಎರಡು ಡಬ್ಬಿ ಕೈಗಿಟ್ಟ. ಲೇಬಲ್ ಮೇಲೆ ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೋಟಿನ್, ಸೆಲೆನಿಯಂ ಅಂತಿದೆ.

ನನ್ನ ಪ್ರಶ್ನೆ ಇಷ್ಟೇ. ಈ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು ನಿಜವಾಗಿ ಇದೆಯಾ, ಇಲ್ಲಾ ಮಾರೋಕೆ ಹುಟ್ಟಿಸಿದ ಮಾತಾ? ಇದ್ದರೆ ಹೃದಯಕ್ಕೆ ಅದು ಏನು ಮಾಡುತ್ತದೆ? ಈ ಕ್ಯಾಪ್ಸೂಲ್ ತಗೊಂಡರೆ ಸ್ಟಾಟಿನ್ ಬಿಡಬಹುದಾ? ಇದನ್ನು ಅಳೆಯೋ ರಕ್ತ ಪರೀಕ್ಷೆ ಏನಾದರೂ ಇದೆಯಾ? ಗೊತ್ತಿರುವವರು ಬಿಡಿಸಿ ಹೇಳಿ. ಗೂಗಲ್ ಮಾಡಿದರೆ ಒಂದೋ ತಲೆ ತಿರುಗೋ ಹಾಗೆ ಬರೆದಿರುತ್ತಾರೆ, ಇಲ್ಲಾ ಕೊನೆಗೆ ಏನನ್ನೋ ಕೊಂಡುಕೊಳ್ಳಿ ಅಂತಾರೆ.


ಕಿಟಕಿಪಕ್ಕದಸೀಟು:

ಹಳೇಸೈಕಲ್ ಅವರೇ, ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವಳು, ಡಾಕ್ಟರ್ ಅಲ್ಲ. ನಿಮ್ಮ ಮಾತ್ರೆ ಬಗ್ಗೆ ತೀರ್ಪು ಕೊಡೋದಿಲ್ಲ. ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಹೇಳಬಲ್ಲೆ.

ಆಕ್ಸಿಡೇಟಿವ್ ಸ್ಟ್ರೆಸ್ ನಿಜವಾಗಿ ಇದೆ. ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸರಿ. ತೊಂದರೆ ಇರುವುದು ಉಳಿದರ್ಧದಲ್ಲಿ.

ಹೆಸರಲ್ಲಿ ಸ್ಟ್ರೆಸ್ ಇದ್ದರೂ ಇದು ಮನಸ್ಸಿನ ಟೆನ್ಷನ್ ಅಲ್ಲ. ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಅಂತ ಇವೆಯಲ್ಲ, ಅವು ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸುತ್ತಾ ಕೊನೆಗೆ ಆಮ್ಲಜನಕಕ್ಕೆ ಕೊಟ್ಟು ನೀರು ಮಾಡುತ್ತವೆ, ಆ ದಾರಿಯಲ್ಲೇ ನಮಗೆ ಬೇಕಾದ ಶಕ್ತಿ ಹುಟ್ಟುತ್ತದೆ. ಆದರೆ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಎಲೆಕ್ಟ್ರಾನ್ ಸೋರಿಹೋಗುತ್ತದೆ. ಅದು ನೇರ ಆಮ್ಲಜನಕಕ್ಕೆ ಅಂಟಿಕೊಂಡರೆ ಸೂಪರ್‌ಆಕ್ಸೈಡ್ ಆಗುತ್ತದೆ. ಇದೊಂದು ಫ್ರೀ ರ್ಯಾಡಿಕಲ್. ಜೋಡಿ ಇಲ್ಲದ ಎಲೆಕ್ಟ್ರಾನ್ ಇಟ್ಟುಕೊಂಡು ಸಿಕ್ಕವರ ಜೊತೆ ಜಗಳಕ್ಕೆ ಹೋಗುವ ಅಣು ಅಂದುಕೊಳ್ಳಿ.

ಎಲ್ಲಾ ಸೋರಿಕೆಯೇ ಅಂತಲೂ ಅಲ್ಲ, ದೇಹವೇ ಬೇಕಂತ ಇದನ್ನು ತಯಾರಿಸುತ್ತದೆ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದೇ ಇದರಿಂದ. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲೂ ಸ್ವಲ್ಪ ಬೇಕು. ಜಾಸ್ತಿ ಆದದ್ದನ್ನು ತಣ್ಣಗೆ ಮಾಡೋಕೆ ನಮ್ಮದೇ ಕಿಣ್ವಗಳಿವೆ. ಅದರಲ್ಲಿ ಮುಖ್ಯವಾದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸನ್ನು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದರು. ಹುಟ್ಟುವುದು ಜಾಸ್ತಿ ಆಗಿ, ತಣ್ಣಗೆ ಮಾಡುವುದು ಕಮ್ಮಿ ಆದಾಗ ಬರುವ ಸ್ಥಿತಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಹೆಸರು. ಈ ಹೆಸರು ನೆಲೆಯಾಗಿದ್ದು 1985ರಲ್ಲಿ, ಹೆಲ್ಮುಟ್ ಸೀಸ್ ಅವರಿಂದ.

ಇನ್ನು ನಿಮ್ಮ ಹೃದಯದ ವಿಷಯ. ಇಲ್ಲಿ ನೋಡಬೇಕಾದ್ದು ರಕ್ತನಾಳದ ಗೋಡೆಯನ್ನು. ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ ಇದೆ. ಆ ಪದರ ಸದಾ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತಿರುತ್ತದೆ. ಅದರಿಂದಲೇ ನಾಳ ಸಡಿಲವಾಗುವುದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ಅಂಟದೆ ಜಾರಿಹೋಗುವುದು, ಬಿಳಿ ರಕ್ತಕಣಗಳು ಗೋಡೆಗೆ ಅಂಟದೇ ಇರುವುದು. ಇಷ್ಟು ಚಿಕ್ಕ ಅನಿಲ ಇಂಥ ಕೆಲಸ ಮಾಡುತ್ತದೆ ಅಂತ ತೋರಿಸಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು.

ಸೂಪರ್‌ಆಕ್ಸೈಡ್ ಈ ನೈಟ್ರಿಕ್ ಆಕ್ಸೈಡ್ ಕಂಡರೆ ಬಿಡುವುದಿಲ್ಲ. ಎರಡೂ ಎದುರುಬದುರಾದ ಕ್ಷಣವೇ ಸೇರಿಬಿಡುತ್ತವೆ, ಜೀವರಸಾಯನದಲ್ಲಿ ಇಷ್ಟು ವೇಗದ ಕ್ರಿಯೆಗಳು ಕೈಬೆರಳೆಣಿಕೆಯಷ್ಟು. ಸೇರಿದ ಮೇಲೆ ಹುಟ್ಟುವುದು ಪೆರಾಕ್ಸಿನೈಟ್ರೈಟ್, ಅದು ಇನ್ನೂ ಕೆಟ್ಟದ್ದು. ಅಂದರೆ ನಷ್ಟ ಎರಡು ಕಡೆಯಿಂದ. ಒಳ್ಳೇದು ಹೋಯಿತು, ಕೆಟ್ಟದ್ದು ಬಂತು.

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಕ್ಕೆ ಒಂದು ಸಹಾಯಕ ಅಣು ಬೇಕು, ಬಿಎಚ್4 ಅಂತ ಚಿಕ್ಕದಾಗಿ ಕರೆಯುತ್ತಾರೆ. ಪೆರಾಕ್ಸಿನೈಟ್ರೈಟ್ ಅದನ್ನೂ ಕೆಡಿಸುತ್ತದೆ. ಆಗ ಆ ಕಿಣ್ವ ನೈಟ್ರಿಕ್ ಆಕ್ಸೈಡ್ ಮಾಡುವುದು ಬಿಟ್ಟು ತಾನೇ ಸೂಪರ್‌ಆಕ್ಸೈಡ್ ಮಾಡೋಕೆ ಶುರು ಮಾಡುತ್ತದೆ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಪ್ರತಿ ವರ್ಷ ಕ್ಲಾಸಿನಲ್ಲಿ ಇಲ್ಲಿಗೆ ಬಂದಾಗ ಹುಡುಗರು ಫೋನ್ ಕೆಳಗಿಟ್ಟು ತಲೆ ಎತ್ತುತ್ತಾರೆ.

ಮತ್ತೆ ಎಲ್‌ಡಿಎಲ್, ಅಂದರೆ ಕೊಲೆಸ್ಟ್ರಾಲ್ ಹೊತ್ತು ತಿರುಗುವ, ಕೊಬ್ಬು ಪ್ರೋಟೀನ್ ಸೇರಿದ ಕಣ. ಅದು ರಕ್ತದಲ್ಲಿ ಸುತ್ತುತ್ತಾ ಇರುವಾಗ ಅಷ್ಟು ತೊಂದರೆ ಇಲ್ಲ. ಜಾಸ್ತಿ ಇದ್ದಾಗ ಒಳಪದರ ದಾಟಿ ಗೋಡೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಅದರ ಕೊಬ್ಬು ಆಕ್ಸಿಡೈಸ್ ಆಗುತ್ತದೆ. ಹಳೇ ಎಣ್ಣೆ ಕಮಟು ಹಿಡಿಯುತ್ತದಲ್ಲ, ಹೆಚ್ಚೂಕಮ್ಮಿ ಅದೇ ರಸಾಯನ. ಕಮಟು ಹಿಡಿದ ಎಲ್‌ಡಿಎಲ್ ಕಂಡು ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಕಸ ಅಂದುಕೊಂಡು ನುಂಗುತ್ತವೆ. ಮಾಮೂಲಿ ಎಲ್‌ಡಿಎಲ್ ಒಳಗೆ ಬಿಡುವ ಬಾಗಿಲು, ಹೊಟ್ಟೆ ತುಂಬಿದ ಮೇಲೆ ಮುಚ್ಚಿಕೊಳ್ಳುತ್ತದೆ. ಕಮಟು ಹಿಡಿದ ಎಲ್‌ಡಿಎಲ್ ಒಳಗೆ ಹೋಗುವುದು ಬೇರೆ ಬಾಗಿಲಿನಿಂದ, ಅದಕ್ಕೆ ಚಿಲಕವೇ ಇಲ್ಲ. ತಿಂದೂ ತಿಂದೂ ಆ ಕಣಗಳು ಕೊಬ್ಬಿನಿಂದ ಉಬ್ಬಿ ನೊರೆ ತುಂಬಿದ ಹಾಗೆ ಕಾಣುತ್ತವೆ, ಫೋಮ್ ಸೆಲ್ ಅನ್ನುವುದು ಅದಕ್ಕೇ. ಅವು ಅಲ್ಲೇ ಸತ್ತು ರಾಶಿ ಬೀಳುತ್ತವೆ. ಮೇಲೆ ನಾರಿನ ಹೊದಿಕೆ ಬೆಳೆಯುತ್ತದೆ. ಆ ಹೊದಿಕೆ ತೆಳುವಾಗಿ ಒಂದು ದಿನ ಒಡೆದರೆ ಒಳಗಿನದು ರಕ್ತಕ್ಕೆ ತಾಗಿ ಹೆಪ್ಪುಗಟ್ಟುತ್ತದೆ. ಹಾರ್ಟ್ ಅಟ್ಯಾಕ್ ಬಹಳ ಸಲ ಆಗುವುದು ಹೀಗೆ.

ಈಗ ನಿಮ್ಮ ಪಟ್ಟಿ ತೆಗೆಯಿರಿ. ಬಿಪಿ: ಆಂಜಿಯೋಟೆನ್ಸಿನ್ ಎಂಬ ಹಾರ್ಮೋನ್ ನಾಳ ಬಿಗಿ ಮಾಡುವುದರ ಜೊತೆಗೆ, ಗೋಡೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅದರ ಕೆಲಸವೇ ಸೂಪರ್‌ಆಕ್ಸೈಡ್ ಮಾಡುವುದು. ಶುಗರ್: ಜಾಸ್ತಿ ಗ್ಲೂಕೋಸ್ ಬಂದರೆ ಮೈಟೋಕಾಂಡ್ರಿಯಾದ ಸೋರಿಕೆ ಜಾಸ್ತಿ. ಸಿಗರೇಟ್: ಹೊಗೆಯಲ್ಲೇ ಫ್ರೀ ರ್ಯಾಡಿಕಲ್‌ಗಳು ತಯಾರಾಗಿ ಬರುತ್ತವೆ, ಹೊರಗಿನಿಂದ ಹೋಮ್ ಡೆಲಿವರಿ. ಎಲ್‌ಡಿಎಲ್: ಕಮಟು ಹಿಡಿಯೋಕೆ ಬೇಕಾದ ಸರಕೇ ಅದು. ನಿಮ್ಮ ಡಾಕ್ಟರ್ ಐದು ನಿಮಿಷದಲ್ಲಿ ಹೇಳಿದ್ದೂ, ನಿಮ್ಮ ಗೆಳೆಯರು ಅರ್ಧ ಗಂಟೆ ಹೇಳಿದ್ದೂ ಒಂದೇ ಕಾಯಿಲೆಯನ್ನು. ಇವೆರಡೂ ಬೇರೆ ಬೇರೆ ಅಂತ ಹೇಳಿದ್ದಷ್ಟೇ ಗೆಳೆಯರ ತಪ್ಪು.


ಹಳೇಸೈಕಲ್:

ಮೇಡಂ, ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಎರಡು ಸಲ ಓದಿದೆ. ಆದರೆ ಓದಿದ ಮೇಲೆ ಗೆಳೆಯನ ಮಾತೇ ಸರಿ ಅನ್ನಿಸೋಕೆ ಶುರುವಾಯಿತಲ್ಲ! ಆಕ್ಸಿಡೈಸ್ ಆಗುವುದೇ ರೋಗದ ಬೇರು ಅಂದಮೇಲೆ ಆಂಟಿಆಕ್ಸಿಡೆಂಟ್ ಕೊಟ್ಟರೆ ನಿಲ್ಲಬೇಕು ತಾನೇ? ವಿಟಮಿನ್ ಇ ಕೊಬ್ಬಿನಲ್ಲಿ ಕರಗುತ್ತದೆ, ಎಲ್‌ಡಿಎಲ್ ಒಳಗೇ ಹೋಗಿ ಕೂರುತ್ತದೆ ಅಂತ ಅವನು ಹೇಳಿದ್ದ. ಅದು ಸುಳ್ಳಾ?


ಮಾತ್ರೆಡಬ್ಬಿ:

ಸುಳ್ಳಲ್ಲ ಸರ್. ಹೋಗಿ ಕೂರುತ್ತದೆ. ಕೂತು ಏನೂ ಮಾಡಲಿಲ್ಲ, ಅದೇ ಸಮಸ್ಯೆ.

ನಾನು ಫಾರ್ಮಸಿಸ್ಟ್, 19 ವರ್ಷ ಕೌಂಟರ್ ಹಿಂದೆ ನಿಂತಿದ್ದೇನೆ. ನಿಮ್ಮ ಗೆಳೆಯರು ಹೇಳಿದ ತರ್ಕವನ್ನೇ ದೊಡ್ಡ ದೊಡ್ಡ ವಿಜ್ಞಾನಿಗಳೂ ನಂಬಿದ್ದರು, ಅವರನ್ನು ಆಡಿಕೊಳ್ಳುವ ಹಾಗಿಲ್ಲ. 1993ರಲ್ಲಿ ಅಮೆರಿಕದ ನರ್ಸ್‌ಗಳನ್ನೂ ಗಂಡಸರಾದ ಆರೋಗ್ಯ ಸಿಬ್ಬಂದಿಯನ್ನೂ ವರ್ಷಗಟ್ಟಲೆ ಗಮನಿಸಿದ ಎರಡು ಅಧ್ಯಯನ ಒಟ್ಟಿಗೆ ಬಂದವು. ವಿಟಮಿನ್ ಇ ಮಾತ್ರೆ ತಗೊಳ್ಳುವವರಲ್ಲಿ ಹೃದಯದ ಕಾಯಿಲೆ ಕಮ್ಮಿ ಅಂತ ಕಂಡಿತು. ಎಲ್ಲರೂ ಮುಗಿಬಿದ್ದರು. ಆದರೆ ವರ್ಷಗಟ್ಟಲೆ ತಪ್ಪದೆ ವಿಟಮಿನ್ ನುಂಗುವ ಮನುಷ್ಯ ಸಿಗರೇಟ್ ಸೇದುವುದೂ ಕಮ್ಮಿ, ವ್ಯಾಯಾಮ ಮಾಡುವುದೂ ಜಾಸ್ತಿ. ಆ ಲಾಭ ಮಾತ್ರೆಯದೋ ಮನುಷ್ಯನದೋ ಅಂತ ಹೇಳಬೇಕಾದರೆ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ಖಾಲಿ ಮಾತ್ರೆ ಕೊಟ್ಟು ನೋಡಬೇಕು.

ನೋಡಿದರು. ನಿಮ್ಮ ಪ್ರಶ್ನೆಗೆ ಅಂತಲೇ ಮಾಡಿದ ಹಾಗಿರುವ ಒಂದು ಪ್ರಯೋಗ ಹೇಳುತ್ತೇನೆ. ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ, 2002ರಲ್ಲಿ ಫಲಿತಾಂಶ ಬಂತು. 20,536 ಜನ, ಸುಮಾರು ಐದು ವರ್ಷ. ಒಂದೇ ಪ್ರಯೋಗದಲ್ಲಿ ಎರಡನ್ನೂ ಪರೀಕ್ಷೆ ಮಾಡಿದರು: ಒಂದು ಕಡೆ ಸಿಮ್ವಾಸ್ಟಾಟಿನ್ 40 ಮಿಲಿಗ್ರಾಂ, ಇನ್ನೊಂದು ಕಡೆ ವಿಟಮಿನ್ ಇ 600 ಮಿಲಿಗ್ರಾಂ, ಸಿ 250 ಮಿಲಿಗ್ರಾಂ, ಬೀಟಾ ಕ್ಯಾರೋಟಿನ್ 20 ಮಿಲಿಗ್ರಾಂ. ನಿಮ್ಮ ಡಬ್ಬಿಯಲ್ಲಿರುವುದೂ ಹೆಚ್ಚೂಕಮ್ಮಿ ಇದೇ ಅಲ್ವಾ? ವಿಟಮಿನ್ ತಗೊಂಡವರ ರಕ್ತದಲ್ಲಿ ವಿಟಮಿನ್ ಇ ಸುಮಾರು ಎರಡು ಪಟ್ಟಾಯಿತು, ಅಂದರೆ ಮಾತ್ರೆ ಒಳಗೆ ಹೋಗಿದ್ದು ಗ್ಯಾರಂಟಿ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಸಾವು ಯಾವುದರಲ್ಲೂ ವ್ಯತ್ಯಾಸ ಇಲ್ಲ. ಸ್ಟಾಟಿನ್ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ ದೊಡ್ಡ ಘಟನೆಗಳು ಸುಮಾರು ಕಾಲು ಭಾಗ ಕಮ್ಮಿಯಾದವು.

ಇದಕ್ಕಿಂತ ಮುಂಚೆ 2000ದಲ್ಲಿ ಹೋಪ್ ಎಂಬ ಪ್ರಯೋಗ, 9,500ಕ್ಕೂ ಜಾಸ್ತಿ ಜನ. ವಿಟಮಿನ್ ಇ ಅಲ್ಲೂ ಸೊನ್ನೆ. 2008ರಲ್ಲಿ ಅಮೆರಿಕದ 14,641 ಗಂಡು ಡಾಕ್ಟರ್‌ಗಳ ಮೇಲೆ ಇ ಮತ್ತು ಸಿ ಎರಡೂ ನೋಡಿದರು. ಸೊನ್ನೆ. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ.

ಸರ್, ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ನೀವು ಸಿಗರೇಟ್ ಸೇದುತ್ತೀರಿ, ಡಬ್ಬಿಯಲ್ಲಿ ಬೀಟಾ ಕ್ಯಾರೋಟಿನ್ ಇದೆ. ಫಿನ್ಲೆಂಡಿನಲ್ಲಿ ಸಿಗರೇಟ್ ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, 1994ರಲ್ಲಿ ಗೊತ್ತಾಯಿತು, ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ. ಕಮ್ಮಿ ಅಲ್ಲ, ಜಾಸ್ತಿ. ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು, ಅಲ್ಲೂ ಇದೇ ಕಥೆ. ದಯವಿಟ್ಟು ಆ ಡಬ್ಬಿಯನ್ನು ಇವತ್ತೇ ಪಕ್ಕಕ್ಕಿಡಿ.

ಬೇರೆ ಓದುವವರಿಗೂ ಒಂದು ಮಾತು. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಹೆಚ್ಚಿನ ಡೋಸಿನ ವಿಟಮಿನ್ ಇ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಇದೆ. ಬರೀ ವಿಟಮಿನ್ ತಾನೇ ಅಂತ ಯಾರೂ ಡಾಕ್ಟರಿಗೆ ಹೇಳುವುದೇ ಇಲ್ಲ. ಕೌಂಟರಿನಲ್ಲಿ ನಾನು ಕೇಳಿದಾಗ ಬಾಯಿಬಿಡುತ್ತಾರೆ.

ಸ್ಟಾಟಿನ್‌ನಿಂದ ಲಿವರ್ ಹಾಳು ಅನ್ನುವುದೂ ಬಾಯಿಂದ ಬಾಯಿಗೆ ದೊಡ್ಡದಾದ ಮಾತು. ಗಂಭೀರವಾದ ಲಿವರ್ ತೊಂದರೆ ಬಹಳ ಅಪರೂಪ. ಮೈಕೈ ನೋವು ಬಂದರೆ, ಮೂತ್ರದ ಬಣ್ಣ ಗಾಢ ಆದರೆ ಡಾಕ್ಟರಿಗೆ ಹೇಳಿ. ಸುಮ್ನೆ ನಿಲ್ಲಿಸಬೇಡಿ.


ಸಂಶಯಪ್ಪ:

ಒಂದು ನಿಮಿಷ. ಇದು ನನಗೆ ಸರಿಹೋಗುತ್ತಿಲ್ಲ. ಮೇಲೆ ಮೇಡಂ ಅಷ್ಟು ಚಂದದ ಕಥೆ ಹೇಳಿದರು. ಕೆಳಗೆ ಫಾರ್ಮಸಿಸ್ಟ್ ಅಣ್ಣ ಆಂಟಿಆಕ್ಸಿಡೆಂಟ್ ಕೊಟ್ಟ ಪ್ರಯೋಗ ಎಲ್ಲಾ ಮಕಾಡೆ ಮಲಗಿದವು ಅಂದರು. ಎರಡೂ ಹೇಗೆ ನಿಜ ಆಗುತ್ತದೆ? ಬೆಂಕಿಯಿಂದ ಮನೆ ಸುಟ್ಟಿತು ಅಂತೀರಿ, ನೀರು ಹಾಕಿದರೆ ಆರಲಿಲ್ಲ ಅಂತೀರಿ. ಹಾಗಾದರೆ ಅದು ಬೆಂಕಿಯೇ ಅಲ್ಲವೇನೋ! ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು ಕಾಯಿಲೆಯ ಕಾರಣ ಅಲ್ಲ, ಕಾಯಿಲೆ ಬಂದಮೇಲೆ ಕಾಣುವ ಹೊಗೆ ಅಂತ ಯಾಕೆ ಅನ್ನಬಾರದು?


ಕಿಟಕಿಪಕ್ಕದಸೀಟು:

ಸಂಶಯಪ್ಪ ಅವರೇ, ಹೆಸರಿಗೆ ತಕ್ಕ ಪ್ರಶ್ನೆ. ಈ ಪ್ರಶ್ನೆಯನ್ನು ಸಂಶೋಧಕರೇ ಇಪ್ಪತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದಾರೆ. ಸ್ವಲ್ಪ ಭಾಗ ಒಪ್ಪುತ್ತೇನೆ. ಎಲ್‌ಡಿಎಲ್ ಜಾಸ್ತಿ ಇದ್ದರೆ ಹೃದಯಕ್ಕೆ ಅಪಾಯ ಅನ್ನುವುದಕ್ಕೆ ಇರುವಷ್ಟು ಗಟ್ಟಿ ಸಾಕ್ಷಿ, ಎಲ್‌ಡಿಎಲ್ ಆಕ್ಸಿಡೈಸ್ ಆಗಿಯೇ ಅಪಾಯ ಬರುತ್ತದೆ ಅನ್ನುವುದಕ್ಕೆ ಮನುಷ್ಯರಲ್ಲಿ ಇಲ್ಲ. ಪಿಸಿಎಸ್‌ಕೆ9 ಅಂತ ಒಂದು ಜೀನ್ ಇದೆ. ಅದು ಹುಟ್ಟಿನಿಂದಲೇ ಕೆಟ್ಟಿದ್ದರೆ ಎಲ್‌ಡಿಎಲ್ ಕಮ್ಮಿ ಇರುತ್ತದೆ. ಅಮೆರಿಕದ ಕಪ್ಪು ಜನರಲ್ಲಿ ಹಾಗಿದ್ದವರನ್ನು ನೋಡಿದಾಗ, 2006ರಲ್ಲಿ ಪ್ರಕಟವಾಯಿತು, ಎಲ್‌ಡಿಎಲ್ 28% ಕಮ್ಮಿ, ಹೃದಯದ ಕಾಯಿಲೆ 88% ಕಮ್ಮಿ. ಜೀವಮಾನವಿಡೀ ಕಮ್ಮಿ ಇದ್ದದ್ದರ ಫಲ ಅದು. ಕಮಟು ಹಿಡಿಯೋಕೆ ಎಣ್ಣೆಯೇ ಇಲ್ಲ ಅಂದಮೇಲೆ ಮುಂದಿನ ಮಾತೇ ಇಲ್ಲ.

ಆದರೆ ನಿಮ್ಮ ಬೆಂಕಿ ನೀರಿನ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ವಿಟಮಿನ್ ಮಾತ್ರೆ ಆ ಬೆಂಕಿಗೆ ನೀರೇ ಅಲ್ಲ.

ಮೊದಲು ವೇಗ. ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡನ್ನು ಹಿಡಿಯುವ ವೇಗದ ಮುಂದೆ ವಿಟಮಿನ್ ಸಿ ಬಸವನಹುಳು. ಅದು ಎದ್ದು ಬರುವುದರೊಳಗೆ ಇಲ್ಲಿ ಎಲ್ಲಾ ಮುಗಿದಿರುತ್ತದೆ. ಅಷ್ಟು ವೇಗಕ್ಕೆ ಸರಿಸಾಟಿ ದೇಹದ್ದೇ ಡಿಸ್ಮ್ಯುಟೇಸ್ ಕಿಣ್ವ. ಅದನ್ನು ಬಾಯಿಂದ ನುಂಗಿದರೆ ಹೊಟ್ಟೆಯಲ್ಲಿ ಬರೀ ಪ್ರೋಟೀನ್ ಥರ ಜೀರ್ಣವಾಗಿಬಿಡುತ್ತದೆ.

ಎರಡನೇದು ಜಾಗ. ಮೈಟೋಕಾಂಡ್ರಿಯಾ ಒಳಗೆ ಹುಟ್ಟಿದ್ದನ್ನು ಅಲ್ಲೇ ಹಿಡಿಯಬೇಕು. ರಕ್ತದಲ್ಲಿ ತೇಲುವ ವಿಟಮಿನ್ ಅಲ್ಲಿಗೆ ಹೋಗಿ ಏನು ಮಾಡೀತು? ಇನ್ನು ಆಕ್ಸಿಡೈಸ್ ಮಾಡುವ ವಸ್ತುಗಳೆಲ್ಲಾ ಒಂದೇ ಜಾತಿಯಲ್ಲ. ಬಿಳಿ ರಕ್ತಕಣಗಳಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಹೈಪೋಕ್ಲೋರಸ್ ಆಮ್ಲ ತಯಾರಿಸುತ್ತದೆ, ಬ್ಲೀಚ್‌ನಲ್ಲಿ ಇರುವುದೇ ಅದರ ಹತ್ತಿರದ ನೆಂಟ. ಅದು ಎಲ್‌ಡಿಎಲ್‌ನ ಪ್ರೋಟೀನ್ ಭಾಗವನ್ನು ಕೆಡಿಸುವಾಗ ವಿಟಮಿನ್ ಇ ಸುಮ್ನೆ ನೋಡುತ್ತಾ ಇರುತ್ತದೆ. ಇನ್ನೂ ತಮಾಷೆ ಎಂದರೆ, ವಿಟಮಿನ್ ಇ ಒಂದು ರ್ಯಾಡಿಕಲ್ ಹಿಡಿದ ಮೇಲೆ ತಾನೇ ರ್ಯಾಡಿಕಲ್ ಆಗುತ್ತದೆ. ಅದನ್ನು ಸರಿಪಡಿಸುವ ಜೊತೆಗಾರ ಪಕ್ಕದಲ್ಲಿ ಇಲ್ಲದಿದ್ದರೆ, ಎಲ್‌ಡಿಎಲ್ ಒಳಗೆ ಅದೇ ಕೊಬ್ಬು ಕೆಡಿಸೋಕೆ ಶುರು ಮಾಡಬಹುದು. ಪ್ರಯೋಗಾಲಯದಲ್ಲಿ ಇದನ್ನು ತೋರಿಸಿದ್ದಾರೆ.

ಮೂರನೇದು ಸಮಯ. ಪ್ರಯೋಗಕ್ಕೆ ಸೇರಿದವರಲ್ಲಿ ಬಹಳ ಮಂದಿಗೆ ಆಗಲೇ ಹೃದಯದ ಕಾಯಿಲೆ ಇತ್ತು, ಗೋಡೆಯಲ್ಲಿ ಮೂವತ್ತು ನಲವತ್ತು ವರ್ಷದ ಕೊಬ್ಬು ಕೂತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಮೇಲಾಗಿ ಅವರಲ್ಲಿ ವಿಟಮಿನ್ ಕೊರತೆ ಇತ್ತು ಅಂತ ಆರಿಸಿಕೊಂಡದ್ದೂ ಅಲ್ಲ.

ಇನ್ನೊಂದು ವಿಷಯ, ನನಗೆ ಇದು ತುಂಬಾ ಇಷ್ಟ. 2009ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು 40 ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ದಿನಾ ವಿಟಮಿನ್ ಸಿ 1,000 ಮಿಲಿಗ್ರಾಂ ಮತ್ತು ವಿಟಮಿನ್ ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬೇಕು. ವಿಟಮಿನ್ ತಗೊಳ್ಳದವರಲ್ಲಿ ಹಾಗೇ ಆಯಿತು, ತಗೊಂಡವರಲ್ಲಿ ಆಗಲಿಲ್ಲ! ಓಡುವಾಗ ಮಾಂಸಖಂಡದಲ್ಲಿ ಹುಟ್ಟುವ ಒಂದಿಷ್ಟು ರ್ಯಾಡಿಕಲ್‌ಗಳೇ ದೇಹಕ್ಕೆ ಎಚ್ಚರಿಕೆ ಗಂಟೆ. ಆ ಗಂಟೆ ಕೇಳಿ ದೇಹ ತನ್ನದೇ ಕಿಣ್ವಗಳನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ನಾವು ಗಂಟೆಗೆ ಬಟ್ಟೆ ಸುತ್ತಿಬಿಟ್ಟರೆ?

ಹಾಗಾಗಿ ನಾನು ನಲ್ಲಿ ಕಡೆ ನೋಡುತ್ತೇನೆ, ನೆಲ ಒರೆಸುವ ಬಟ್ಟೆ ಕಡೆ ಅಲ್ಲ. ಬಿಪಿ ಮಾತ್ರೆಗಳಲ್ಲಿ ಆಂಜಿಯೋಟೆನ್ಸಿನ್ ತಡೆಯುವ ಜಾತಿಯವು ಇವೆ, ಅವು ಎನ್‌ಎಡಿಪಿಎಚ್ ಆಕ್ಸಿಡೇಸನ್ನು ಎಬ್ಬಿಸುವವನನ್ನೇ ಮಲಗಿಸುತ್ತವೆ. ಸ್ಟಾಟಿನ್ ಎಲ್‌ಡಿಎಲ್ ಇಳಿಸುವುದರ ಜೊತೆಗೆ, ಅದೇ ಕಿಣ್ವದ ಬಿಡಿಭಾಗಗಳು ಒಂದಕ್ಕೊಂದು ಜೋಡಣೆಯಾಗುವುದಕ್ಕೂ ಅಡ್ಡ ಬರುತ್ತದೆ ಅಂತ ಜೀವಕೋಶಗಳಲ್ಲಿ ನೋಡಿದ್ದಾರೆ. ಹಳೇಸೈಕಲ್ ಅವರೇ, ಆಂಟಿಆಕ್ಸಿಡೆಂಟ್ ಬೇಕು ಅಂದರೆ ಡಾಕ್ಟರ್ ಬರೆದ ಚೀಟಿಯಲ್ಲಿ ಅದು ಆಗಲೇ ಇದೆ, ಹೆಸರು ಮಾತ್ರ ಬೇರೆ.


ಗುಬ್ಬಿಗೂಡು:

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮಪ್ಪನಿಗೆ ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಆಗ ಅಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್, ರಕ್ತ ಮತ್ತೆ ಹರಿದಾಗಲೂ ಹೃದಯಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ ಅಂದಿದ್ದರು. ನನಗೆ ಅದು ತಲೆಯಲ್ಲಿ ಉಳಿದುಬಿಟ್ಟಿದೆ. ರಕ್ತ ಇಲ್ಲದೆ ಒದ್ದಾಡುವ ಹೃದಯಕ್ಕೆ ರಕ್ತ ಬಂದರೆ ಪೆಟ್ಟು ಹೇಗೆ ಬೀಳುತ್ತದೆ ಅಕ್ಕ? ಇದೂ ಇದೇ ಆಕ್ಸಿಡೇಟಿವ್ ಸ್ಟ್ರೆಸ್ಸಾ? ಆವತ್ತು ಫಾರಂಗೆ ಸಹಿ ಹಾಕಿದವಳು ನಾನೇ, ಅದಕ್ಕೇ ಕೇಳುತ್ತಿದ್ದೇನೆ.


ಕಿಟಕಿಪಕ್ಕದಸೀಟು:

ಗುಬ್ಬಿಗೂಡು, ಮೊದಲು ಇದನ್ನು ಕೇಳಮ್ಮ. ನೀನು ಸಹಿ ಹಾಕಿದ್ದು ಸರಿ. ಮುಚ್ಚಿದ ನಾಳವನ್ನು ಎಷ್ಟು ಬೇಗ ತೆರೆದರೆ ಅಷ್ಟು ಹೃದಯ ಉಳಿಯುತ್ತದೆ, ಅದರಲ್ಲಿ ಎರಡನೇ ಮಾತಿಲ್ಲ. ತೆರೆಯದೇ ಬಿಟ್ಟಿದ್ದರೆ ಆ ಭಾಗ ಪೂರ್ತಿ ಸಾಯುತ್ತಿತ್ತು.

ಆ ಡಾಕ್ಟರ್ ಹೇಳಿದ್ದೂ ನಿಜ, ಅದೂ ಇದೇ ಗುಂಪಿನ ವಿಷಯ. ರಕ್ತ ನಿಂತಾಗ ಆಮ್ಲಜನಕ ಇಲ್ಲದೆ ಹೃದಯದ ಜೀವಕೋಶದಲ್ಲಿ ಸಕ್ಸಿನೇಟ್ ಎಂಬ ವಸ್ತು ರಾಶಿ ಬೀಳುತ್ತದೆ. ಮತ್ತೆ ಆಮ್ಲಜನಕ ಬಂದ ಕೂಡಲೇ ಆ ರಾಶಿಯೆಲ್ಲಾ ಒಂದೇ ಸಲ ಉರಿಯೋಕೆ ಶುರುವಾಗುತ್ತದೆ, ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್‌ಗಳು ಹಿಂದಕ್ಕೆ ನುಗ್ಗಿ ಮೊದಲ ಕೆಲವು ನಿಮಿಷದಲ್ಲೇ ಸೂಪರ್‌ಆಕ್ಸೈಡ್ ಉಕ್ಕುತ್ತದೆ. ಇದು ಹೀಗೆ ಅಂತ ಇಲಿಗಳಲ್ಲಿ ತೋರಿಸಿದ್ದು 2014ರಲ್ಲಿ. ಇದನ್ನು ತಡೆಯೋ ಔಷಧಿಗೆ ಬಹಳ ಹುಡುಕಾಟ ನಡೆದಿದೆ. ಸೈಕ್ಲೋಸ್ಪೋರಿನ್ ಮೇಲೆ ತುಂಬಾ ಆಸೆ ಇತ್ತು, 970 ಜನರ ಮೇಲೆ ನೋಡಿದರು, 2015ರಲ್ಲಿ ಅದೂ ಕೈಕೊಟ್ಟಿತು. ಇವತ್ತಿಗೂ ಬೇಗ ತೆರೆಯುವುದೇ ಮದ್ದು. ಅಪ್ಪ ಈಗ ಹೇಗಿದ್ದಾರೆ?


ಗುಬ್ಬಿಗೂಡು:

ಚೆನ್ನಾಗಿದ್ದಾರೆ ಅಕ್ಕ. ದಿನಾ ಮೂರು ಕಿಲೋಮೀಟರ್ ನಡೆಯುತ್ತಾರೆ, ನಾನೇ ಹಿಂದೆ ಬೀಳುತ್ತೇನೆ. ಥ್ಯಾಂಕ್ಸ್. ಎರಡು ವರ್ಷದಿಂದ ಇದನ್ನು ಯಾರ ಹತ್ತಿರ ಕೇಳೋದು ಅಂತ ಗೊತ್ತಾಗಿರಲಿಲ್ಲ.


ಮಾತ್ರೆಡಬ್ಬಿ:

ಹಳೇಸೈಕಲ್ ಸರ್, ನಿಮ್ಮ ಕೊನೇ ಪ್ರಶ್ನೆ ಉಳಿದೇಹೋಯಿತು, ರಕ್ತ ಪರೀಕ್ಷೆ. ಸಂಶೋಧನೆಯಲ್ಲಿ ಅಳೆಯುತ್ತಾರೆ. ಕೊಬ್ಬು ಕೆಟ್ಟಾಗ ಹುಟ್ಟುವ ಐಸೋಪ್ರಾಸ್ಟೇನ್ ಮೂತ್ರದಲ್ಲಿ ಸಿಗುತ್ತದೆ, ಆಕ್ಸಿಡೈಸ್ಡ್ ಎಲ್‌ಡಿಎಲ್, ಮೈಲೋಪೆರಾಕ್ಸಿಡೇಸ್ ಇವುಗಳನ್ನು ರಕ್ತದಲ್ಲಿ ನೋಡುತ್ತಾರೆ. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ತಡೆದು ಬಿಟ್ಟಾಗ ನಾಳ ಎಷ್ಟು ಹಿಗ್ಗುತ್ತದೆ ಅಂತ ಸ್ಕ್ಯಾನ್‌ನಲ್ಲಿ ನೋಡುವ ಪರೀಕ್ಷೆಯೂ ಇದೆ, ಸಿಗರೇಟ್ ಸೇದುವವರಲ್ಲಿ ಅದು ಕಮ್ಮಿ ಹಿಗ್ಗುತ್ತದೆ. ಆದರೆ ಈ ನಂಬರ್ ಬಂದರೆ ಈ ಮಾತ್ರೆ ಅಂತ ಇವುಗಳಿಗೆ ಲೆಕ್ಕ ಇಲ್ಲ, ಹಾಗಾಗಿ ಮಾಮೂಲಿ ಚೆಕಪ್‌ನಲ್ಲಿ ಬೇಕಾಗಿಲ್ಲ. ಇಂಥ ಪರೀಕ್ಷೆಯನ್ನೂ ಅದಕ್ಕೆ ತಕ್ಕ ಕ್ಯಾಪ್ಸೂಲನ್ನೂ ಒಬ್ಬನೇ ಮಾರುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಹತ್ತಿರ ಇರುವ ನಂಬರ್‌ಗಳೇ ಸಾಕು ಸರ್. ಬಿಪಿ, ಎಲ್‌ಡಿಎಲ್, ಶುಗರ್, ಸಿಗರೇಟ್ ಎಷ್ಟು ಅನ್ನೋದು. ಜೊತೆಗೆ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಮಾಡಿಸಿ, ನಿಮ್ಮ 112 ಗಡಿಯಲ್ಲಿ ಇದೆ. ಬಿಪಿಯನ್ನು ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ, ಕೂತು ಐದು ನಿಮಿಷ ಆದಮೇಲೆ ನೋಡಬೇಕು, ಸಿಗರೇಟ್ ಸೇದಿ ಬಂದು ತಕ್ಷಣ ನೋಡಿದರೆ ಜಾಸ್ತಿ ತೋರಿಸುತ್ತದೆ.


ಸಂಶಯಪ್ಪ:

ಮೇಡಂ, ವೇಗದ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಒಪ್ಪಿದೆ. ಹಾಗಾದರೆ ಹಣ್ಣು ತರಕಾರಿ ತಿನ್ನಿ, ಅದರಲ್ಲಿ ಆಂಟಿಆಕ್ಸಿಡೆಂಟ್ ಇದೆ ಅನ್ನೋದೂ ಬುರುಡೆಯಾ?


ಕಿಟಕಿಪಕ್ಕದಸೀಟು:

ತಿನ್ನಿ, ಕಾರಣ ಮಾತ್ರ ಬೇರೆ. ಹಣ್ಣು ತರಕಾರಿ ತಿನ್ನುವವರಿಗೆ ಹೃದಯದ ಕಾಯಿಲೆ ಕಮ್ಮಿ ಅನ್ನೋದು ಮತ್ತೆ ಮತ್ತೆ ಕಂಡಿದೆ. ಆದರೆ ಅದರಲ್ಲಿ ನಾರು ಇದೆ, ಪೊಟ್ಯಾಸಿಯಂ ಇದೆ, ಅದನ್ನು ತಿಂದಾಗ ಬೇರೆ ಕೆಟ್ಟದ್ದಕ್ಕೆ ಹೊಟ್ಟೆಯಲ್ಲಿ ಜಾಗ ಇರೋದಿಲ್ಲ. ಒಂದು ಕಾಲದಲ್ಲಿ ಯಾವ ಹಣ್ಣಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಬಲ ಅಂತ ಒರಾಕ್ ಎಂಬ ಅಂಕ ಕೊಡುತ್ತಿದ್ದರು. ಅಮೆರಿಕದ ಕೃಷಿ ಇಲಾಖೆ ಆ ಪಟ್ಟಿಯನ್ನು 2012ರಲ್ಲಿ ತನ್ನ ವೆಬ್‌ಸೈಟಿನಿಂದ ತೆಗೆದುಹಾಕಿತು. ಟೆಸ್ಟ್ ಟ್ಯೂಬಿನಲ್ಲಿ ಬಂದ ಅಂಕಕ್ಕೂ ಮೈಯಲ್ಲಿ ಆಗುವುದಕ್ಕೂ ಸಂಬಂಧ ಇಲ್ಲ ಅಂತ. ಮಾರುವವರು ಮಾತ್ರ ಇನ್ನೂ ತೆಗೆದಿಲ್ಲ.


ಹಳೇಸೈಕಲ್:

ಮೂರು ದಿನ ಆಯಿತು, ಅಪ್ಡೇಟ್ ಕೊಡೋಣ ಅಂತ ಬಂದೆ.

ಡಬ್ಬಿ ಎರಡೂ ವಾಪಸ್ ಕೊಟ್ಟೆ. ಫಿನ್ಲೆಂಡಿನ ವಿಷಯ ಹೇಳಿದೆ. ಗೆಳೆಯ ಮೊದಲು ನಂಬಲಿಲ್ಲ, ಆಮೇಲೆ ಅವನೇ ಹುಡುಕಿ ಓದಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಅವನೂ ಸೇದುತ್ತಾನೆ. ಆ ಕ್ಯಾಪ್ಸೂಲನ್ನು ಅವನೂ ಎರಡು ವರ್ಷದಿಂದ ನುಂಗುತ್ತಿದ್ದಾನಂತೆ. ಪಾಪ, ಮೋಸ ಮಾಡುವ ಮನುಷ್ಯ ಅಲ್ಲ ಅವನು, ನಂಬಿಯೇ ಮಾರುತ್ತಿದ್ದ.

ಸ್ಟಾಟಿನ್, ಬಿಪಿ ಮಾತ್ರೆ ಎರಡೂ ಶುರು ಮಾಡಿದ್ದೇನೆ. ಮೇಡಂ, ಚೀಟಿ ನೋಡಿದೆ, ನನ್ನ ಬಿಪಿ ಮಾತ್ರೆ ನೀವು ಹೇಳಿದ ಆಂಜಿಯೋಟೆನ್ಸಿನ್ ತಡೆಯುವ ಜಾತಿಯದೇ. ಸಿಗರೇಟ್ ಏಳರಿಂದ ಮೂರಕ್ಕೆ ಬಂದಿದೆ. ಬೆಳಿಗ್ಗೆ ಎದ್ದ ತಕ್ಷಣದ್ದು ಒಂದು ಬಿಡೋಕೆ ಆಗುತ್ತಿಲ್ಲ. ಅದನ್ನು ಹೇಗೆ ಬಿಟ್ಟಿರಿ ಅಂತ ಬಿಟ್ಟವರು ಯಾರಾದರೂ ಇದ್ದರೆ ಹೇಳಿ, ಬೇರೆ ಪೋಸ್ಟ್ ಹಾಕುತ್ತೇನೆ.